ಅಟ್ಟದ ಬೀಜ, ಬ್ಯಾಂಕಿನ ಬೀಜ

(ಸಂಘದ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಗಡಿ ಪ್ರಶ್ನೆ, ಕನ್ನಡ ಶಾಲೆಗಳ ಅಳಿವು ಉಳಿವು, ಯಕ್ಷಗಾನ, ಕಾವ್ಯ ಮುಂತಾದ ವಿಷಯಗಳ ಕುರಿತು ನೀವು ಕೇಳುತ್ತ ಬಂದಿದ್ದೀರಿ. ನಾನು ಕುಂಬಳಕಾಯಿಯ ಬೀಜದ ಬಗ್ಗೆ ಮಾತನಾಡುತ್ತೇನೆಂದು ತಿಳಿಸಿದಾಗ ನಮ್ಮ ಕಾರ್ಯದರ್ಶಿಗಳು ಕ್ಷಣಕಾಲ ಸುಮ್ಮನಾದರು. ಆಮೇಲೆ, 'ಆಗಲಿ, ಊಟದ ಹೊತ್ತಿಗೆ ಮುಗಿಸಿ' ಎಂದರು. ಅವರ ಸಂಕೋಚ ಸಹಜವಾದದ್ದೇ. ನಮ್ಮ ನುಡಿಯಲ್ಲಿ ಕುಂಬಳಕಾಯಿ ಗಂಭೀರ ವಿಷಯವಲ್ಲ. ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಯನ್ನು ನಾವೆಲ್ಲ ನಗುತ್ತಲೇ ಹೇಳುತ್ತೇವೆ. ಆದರೆ ಇಂದು ನಾನು ಹೇಳಹೊರಟಿರುವುದು ಒಂದು ಬಗೆಯ ಕಳವಿನ ಕಥೆಯೇ ಆಗಿದೆ. ಇಲ್ಲಿ ಕಳ್ಳನೆಂದು ಒಬ್ಬನನ್ನೇ ಬೆರಳು ಮಾಡಿ ತೋರಿಸುವಂತಿಲ್ಲ. ನಾವೆಲ್ಲರೂ ಒಮ್ಮೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿದೆ.

ಮೊದಲಿಗೆ ಎರಡು ಕುಂಬಳಗಳನ್ನು ಬೇರ್ಪಡಿಸಿಕೊಳ್ಳೋಣ. ಆಯುಧಪೂಜೆಯಂದು ವಾಹನದ ಮುಂದೆ ಒಡೆಯುವ, ಕಾಶಿ ಹಲ್ವಕ್ಕೆ ತುರಿಯುವ ಬೂದುಗುಂಬಳ ಏಷ್ಯಾ ಖಂಡದ ಹಳೆಯ ನಿವಾಸಿ. ಸಂಸ್ಕೃತದ ಕೂಷ್ಮಾಂಡ ಅದೇ. ಚರಕಸಂಹಿತೆಯಂಥ ಪ್ರಾಚೀನ ವೈದ್ಯಗ್ರಂಥಗಳಲ್ಲಿಯೂ ಅದರ ಹೆಸರಿದೆ. ನಮ್ಮ ಉಡುಪಿ ಹೋಟೆಲುಗಳ ಸಾಂಬಾರಿನಲ್ಲಿ ಕೆಂಪಗೆ ತೇಲುವ ಸಿಹಿಗುಂಬಳವಾದರೋ ಬೇರೆಯೇ ಕುಲದ್ದು. ಅದರ ತವರು ಅಮೆರಿಕ ಖಂಡ. ಮೆಕ್ಸಿಕೊ ದೇಶದ ಓಆಹಾಕ ಪ್ರಾಂತದ ಒಂದು ಗುಹೆಯಲ್ಲಿ ದೊರೆತ ಬೀಜಗಳು, ಅಲ್ಲಿನ ಮನುಷ್ಯರು ಸುಮಾರು 10,000 ವರ್ಷಗಳ ಹಿಂದೆಯೇ ಈ ಕುಲದ ಬಳ್ಳಿಯೊಂದನ್ನು ಕೃಷಿಗೆ ಪಳಗಿಸಿದ್ದರೆಂಬುದನ್ನು ತೋರಿಸಿಕೊಟ್ಟಿವೆ. ಮುಸುಕಿನ ಜೋಳಕ್ಕಿಂತಲೂ ಹಳೆಯದಾದ ಬೆಳೆ ಅದು.

ಕೊಲಂಬಸ್ 1492ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆಯೇ ಈ ಬೀಜಗಳು ನಮ್ಮ ಕಡೆಗೆ ಹೊರಟವು. ಮೆಣಸಿನಕಾಯಿ, ಗೋಡಂಬಿ, ಅನಾನಸುಗಳಂತೆ ಇವೂ ಪೋರ್ಚುಗೀಸರ ಕಾಲದ ಹಡಗು ವ್ಯಾಪಾರದ ಜಾಲದಲ್ಲಿ ಹರಡಿದವೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ನಾವು ಸೇರಿರುವ ಈ ಮುಂಬಯಿ 1534ರಿಂದ 1660ರ ದಶಕದವರೆಗೆ ಅವರದೇ ಕೈಯಲ್ಲಿದ್ದ ದ್ವೀಪವಷ್ಟೆ. ಹೊರಗಿನಿಂದ ಬಂದ ವಸ್ತುವಿಗೆ ನಮ್ಮ ಜನ ಹೆಸರಿಟ್ಟ ರೀತಿಯನ್ನೂ ಗಮನಿಸಿ. ಕರಾವಳಿ ಮಲೆನಾಡುಗಳಲ್ಲಿ ಅದು ಚೀನಿಕಾಯಿ. ಚೀನದಿಂದ ಬಂದುದಲ್ಲವಾದರೂ ಹಡಗಿನಲ್ಲಿ ಬಂದುದು ಎಂಬ ನೆನಪು ಆ ಹೆಸರಿನಲ್ಲಿ ಅಂಟಿಕೊಂಡಿರಬಹುದು. ತುಳುವರಿಗೆ ಅದು ಕೆಂಬುಡೆ. ಬಯಲುಸೀಮೆಯವರಿಗೆ ಬರಿಯ ಕುಂಬಳಕಾಯಿ. ಇಲ್ಲಿನ ಮರಾಠಿಯಲ್ಲಿ ಲಾಲ್ ಭೋಪಳಾ. ಉತ್ತರ ಕರ್ನಾಟಕದ ತಾಯಂದಿರು ಅದರಿಂದ ಮಾಡುವ ಗಾರಿಗೆ, ಮರಾಠಿ ಮನೆಗಳಲ್ಲಿ ಘಾರಗೆ. ಗಡಿಯ ಎರಡೂ ಕಡೆಯ ಬಾಣಲೆಗಳಲ್ಲಿ ಒಂದೇ ತಿಂಡಿ ಕರಿಯುತ್ತಿರುವಾಗ ಗಡಿ ಎಲ್ಲಿದೆಯೆಂದು ಕುಂಬಳಕಾಯಿಯನ್ನು ಕೇಳಿದರೆ ಅದು ಏನು ಹೇಳೀತು?

ಹೀಗೆ ಪರದೇಶಿಯಾಗಿ ಬಂದ ಬಳ್ಳಿ ನಾಲ್ಕು ಶತಮಾನಗಳಿಗೂ ಮಿಕ್ಕಿ ನಮ್ಮ ಹಿತ್ತಿಲಿನ ಮಳೆ ಬಿಸಿಲುಗಳಿಗೆ, ನಮ್ಮ ಹುಳುಹುಪ್ಪಟೆಗಳಿಗೆ, ನಮ್ಮ ನಾಲಗೆಯ ರುಚಿಗೆ ಒಗ್ಗುತ್ತ ನೂರಾರು ಊರುಗಳಲ್ಲಿ ನೂರಾರು ರೂಪ ತಾಳಿತು. ಒಂದೂರಿನಲ್ಲಿ ಚಪ್ಪಟೆ, ಇನ್ನೊಂದರಲ್ಲಿ ಉದ್ದ. ಒಂದು ಮಳೆಗಾಲದಲ್ಲಿ ಕೊಳೆಯದೆ ನಿಲ್ಲುವಂಥದು, ಇನ್ನೊಂದು ಬೇಸಗೆಯ ಗದ್ದೆಗೆ ಒಪ್ಪುವಂಥದು. ಆರು ತಿಂಗಳು ಅಟ್ಟದ ಮೇಲೆ ಕೆಡದೆ ಕೂರುವ ಕಾಯಿ ಒಂದು ಮನೆಯಲ್ಲಿದ್ದರೆ, ಎಳೆಯದರಲ್ಲೇ ಕೊಯ್ದು ಹುಳಿಗೆ ಹಾಕುವ ಕಾಯಿ ಪಕ್ಕದ ಮನೆಯಲ್ಲಿರುತ್ತಿತ್ತು. ವಲಸಿಗನು ಸ್ಥಳೀಯನಾಗುವುದೆಂದರೆ ಏನೆಂಬುದನ್ನು, ಪರಸ್ಥಳದಲ್ಲಿ ನೆಲೆಸಿರುವ ನಮಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಸಸ್ಯಶಾಸ್ತ್ರಜ್ಞರು ಈ ಕುಲವನ್ನು ಕುಕುರ್ಬಿಟ ಎನ್ನುತ್ತಾರೆ. ಅದರಲ್ಲಿ ಕೃಷಿಗೆ ಬಂದ ಪ್ರಭೇದಗಳು ಐದು. ನಮಗೆ ಮುಖ್ಯವಾದವು ಮೂರು: ಮೊಸ್ಕಾಟ, ಮ್ಯಾಕ್ಸಿಮ, ಪೆಪೊ. ಇವನ್ನು ಗುರುತಿಸಲು ಸೂಕ್ಷ್ಮದರ್ಶಕ ಬೇಡ, ತೊಟ್ಟನ್ನು ನೋಡಿದರೆ ಸಾಕು. ಮುಂದಿನ ಬಾರಿ ದಾದರ್ ಅಥವಾ ಮಾಟುಂಗದ ಮಾರುಕಟ್ಟೆಗೆ ಹೋದಾಗ ಪರೀಕ್ಷಿಸಿ. ತೊಟ್ಟು ಗಟ್ಟಿಯಾಗಿ, ಐದು ಏಣುಗಳಿಂದ ಕೂಡಿ, ಕಾಯಿಗೆ ಸೇರುವಲ್ಲಿ ಪಾದದಂತೆ ಅಗಲವಾಗಿ ಹರಡಿದ್ದರೆ ಅದು ಮೊಸ್ಕಾಟ. ನಮ್ಮ ಹಳ್ಳಿಯ ಕುಂಬಳಗಳಲ್ಲಿ ಬಹುಪಾಲು ಇವೇ. ತೊಟ್ಟು ದುಂಡಗೆ, ಮೆತ್ತಗೆ, ಬೆಂಡಿನಂತಿದ್ದರೆ ಅದು ಮ್ಯಾಕ್ಸಿಮ. ಗಟ್ಟಿಯಾಗಿ ಏಣುಗಳಿದ್ದೂ ಬುಡದಲ್ಲಿ ಹರಡದಿದ್ದರೆ ಪೆಪೊ. ಈಚೆಗೆ ದೊಡ್ಡ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ಜುಕಿನಿ ಎಂಬ ಹಸುರು ಕಾಯಿ ಈ ಪೆಪೊ ಪ್ರಭೇದದ್ದೇ. ಇಟಲಿಯಲ್ಲಿ ರೂಪುಗೊಂಡು ಬಂದ ಕಾರಣಕ್ಕೆ ಅದಕ್ಕೆ ಆ ಮರ್ಯಾದೆ.

ಒಂದೇ ಬೆಳೆಯಲ್ಲಿ ಇಷ್ಟು ಬಗೆ ಏಕೆ ಬೇಕು, ಒಳ್ಳೆಯದೊಂದನ್ನು ಆರಿಸಿ ಎಲ್ಲರೂ ಅದನ್ನೇ ಬೆಳೆಯಬಾರದೇಕೆ ಎಂದು ನೀವು ಕೇಳಬಹುದು. ಇದಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. 1925ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯದ ಇಂಪೀರಿಯಲ್ ಕಣಿವೆಯಲ್ಲಿ ಕರಬೂಜದ ತೋಟಗಳಿಗೆ ಬೂದಿರೋಗ ತಗುಲಿತು. ಎಲ್ಲೆಡೆ ಒಂದೇ ಬಗೆಯ ಕರಬೂಜ ಇದ್ದುದರಿಂದ ರೋಗಕ್ಕೆ ತಡೆಯೇ ಇರಲಿಲ್ಲ. ಅದನ್ನು ತಾಳಿಕೊಳ್ಳುವ ಗುಣ ದೊರೆತದ್ದು ಭಾರತದಿಂದ ಹೋದ ಬೀಜಗಳಲ್ಲಿ. ಅಲ್ಲಿನ ರುಚಿಗೆ ಒಪ್ಪುವ ತಳಿಗಳೊಂದಿಗೆ ಅದನ್ನು ಬೆರೆಸಿ ತಯಾರಿಸಿದ ಪಿ.ಎಂ.ಆರ್. 45 ಎಂಬ ತಳಿಯನ್ನು 1936ರಲ್ಲಿ ಬಿಡುಗಡೆ ಮಾಡಿದರು. ಸೌತೆಕಾಯಿಯದೂ ಇದೇ ಕಥೆ. ಭಾರತದಿಂದ ಒಯ್ದು 197087 ಎಂಬ ದಾಖಲೆ ಸಂಖ್ಯೆ ಕೊಟ್ಟ ಒಂದು ಸೌತೆಬೀಜದ ಗುಣವು ದಶಕಗಳ ಕಾಲ ಅಮೆರಿಕದ ಸೌತೆಯನ್ನು ಕೇದಿಗೆ ರೋಗದಿಂದ ಕಾಪಾಡಿತು. 2004ರಲ್ಲಿ ರೋಗಾಣು ಹೊಸ ರೂಪದಲ್ಲಿ ಬಂದಾಗ ಆ ಕೋಟೆಯೂ ಕುಸಿಯಿತು. ವಿಜ್ಞಾನಿಗಳು ಪುನಃ ಸಂಗ್ರಹಗಳ ಬೀಜಗಳನ್ನು ಒಂದೊಂದಾಗಿ ಪರೀಕ್ಷಿಸತೊಡಗಿದರು. ಕುಂಬಳದ ಬಳ್ಳಿಗಳನ್ನು ನಾಶ ಮಾಡುವ ಹಳದಿ ಮೊಸಾಯಿಕ್ ನಂಜಿಗೆ ತಡೆ ಸಿಕ್ಕಿದ್ದು ನೈಜೀರಿಯದ ರೈತರ ಒಂದು ನಾಟಿ ಮೊಸ್ಕಾಟದಲ್ಲಿ. ಆ ತಳಿಯ ಹೆಸರೇ 'ನೈಜೀರಿಯನ್ ಲೋಕಲ್'. ಅದನ್ನು ಬಿತ್ತಿ ಉಳಿಸಿದ ಹೆಂಗಸಿನ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ.

ಈ ಕಥೆಗಳಿಂದ ಎರಡು ಪಾಠಗಳಿವೆ. ಒಂದನೆಯದು, ಯಾವ ಬೀಜದೊಳಗೆ ಯಾವ ಗುಣ ಅಡಗಿದೆಯೆಂಬುದು ಆಪತ್ತು ಬಂದ ಮೇಲೆಯೇ ತಿಳಿಯುತ್ತದೆ. ಇಂದು ಉಪಯೋಗವಿಲ್ಲವೆಂದು ಬಿಸುಟದ್ದು ನಾಳೆ ಏಕೈಕ ಆಸರೆಯಾಗಬಹುದು. ಎರಡನೆಯದು, ಯಾವ ದೇಶವೂ ಈ ವಿಷಯದಲ್ಲಿ ಬರಿಯ ಸಾಲಿಗನೂ ಅಲ್ಲ, ಬರಿಯ ಧಣಿಯೂ ಅಲ್ಲ. ನಮ್ಮ ಕರಬೂಜವನ್ನು ಅವರು ಒಯ್ದರೆಂದು ಸಿಟ್ಟಾಗುವ ನಾವು, ಮೆಕ್ಸಿಕೊದ ರೈತನಿಗೆ ಕುಂಬಳಕ್ಕಾಗಿ ಕಾಸೊಂದನ್ನೂ ಕೊಟ್ಟಿಲ್ಲ.

ವೈವಿಧ್ಯವನ್ನು ಒಂದೆಡೆ ಕೂಡಿಡಬೇಕೆಂಬ ವಿಚಾರವನ್ನು ಮಹಾಸಾಹಸವಾಗಿ ಕೈಗೊಂಡವನು ರಷ್ಯದ ನಿಕೊಲಾಯ್ ವಾವಿಲೋವ್. ಖಂಡಖಂಡಗಳನ್ನು ಸುತ್ತಿ ಅವನೂ ಅವನ ಸಂಗಡಿಗರೂ ಲೆನಿನ್‌ಗ್ರಾಡಿನ ಸಂಸ್ಥೆಯಲ್ಲಿ ಲಕ್ಷಾಂತರ ಬೀಜಮಾದರಿಗಳನ್ನು ಸೇರಿಸಿದರು. 1941ರ ಸೆಪ್ಟೆಂಬರಿನಲ್ಲಿ ನಾಜಿ ಸೇನೆ ಆ ನಗರಕ್ಕೆ ಮುತ್ತಿಗೆ ಹಾಕಿತು. 1944ರ ಜನವರಿಯವರೆಗೆ ಮುತ್ತಿಗೆ ಸಡಿಲಲಿಲ್ಲ. ನಗರವೆಲ್ಲ ಹಸಿವಿನಿಂದ ಸಾಯುತ್ತಿದ್ದಾಗ, ಅಕ್ಕಿ, ಗೋಧಿ, ನೆಲಗಡಲೆಗಳ ಮೂಟೆಗಳ ನಡುವೆ ಕುಳಿತಿದ್ದ ಆ ಸಂಸ್ಥೆಯ ಹಲವರು ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳದೆ ಪ್ರಾಣ ಬಿಟ್ಟರು. ಸ್ಟಾಲಿನನ ಆಡಳಿತ ಸೆರೆಗೆ ತಳ್ಳಿದ್ದ ವಾವಿಲೋವ್ ಕೂಡ 1943ರ ಜನವರಿಯಲ್ಲಿ ಸರಾತೋವಿನ ಸೆರೆಮನೆಯಲ್ಲಿ ಸೊರಗಿ ಸತ್ತ. ಲೋಕಕ್ಕೆ ಅನ್ನ ಕೊಡಹೊರಟವನ ಅಂತ್ಯ ಹಾಗಾಯಿತು.

ನಮ್ಮ ದೇಶದಲ್ಲಿ ಈ ಕಾರ್ಯಕ್ಕಾಗಿ 1976ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆ ರೂಪುಗೊಂಡಿತು. ಅದರ ರಾಷ್ಟ್ರೀಯ ಜೀನ್ ಬ್ಯಾಂಕಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಾದರಿಗಳಿವೆ. 2025ರ ಕೇಂದ್ರ ಮುಂಗಡಪತ್ರದಲ್ಲಿ ಎರಡನೆಯ ಜೀನ್ ಬ್ಯಾಂಕನ್ನು ಘೋಷಿಸಲಾಯಿತು. ಉತ್ತರ ಧ್ರುವದ ಸಮೀಪ, ನಾರ್ವೆ ದೇಶದ ಸ್ವಾಲ್‌ಬಾರ್ಡ್ ದ್ವೀಪಸ್ತೋಮದ ಬೆಟ್ಟವೊಂದರ ಗರ್ಭದಲ್ಲಿ 2008ರಲ್ಲಿ ಜಾಗತಿಕ ಬೀಜಭಂಡಾರ ತೆರೆಯಿತು. ಸಿರಿಯದ ಅಂತರ್ಯುದ್ಧದಿಂದಾಗಿ ಅಲೆಪ್ಪೊ ನಗರದ ಬಳಿಯ ಬೀಜಸಂಗ್ರಹ ಕೈತಪ್ಪಿದಾಗ, 2015ರಲ್ಲಿ ಮೊತ್ತಮೊದಲ ಬಾರಿಗೆ ಅಲ್ಲಿಟ್ಟ ಠೇವಣಿಯನ್ನು ಮರಳಿ ಪಡೆಯಬೇಕಾಯಿತು. ಆದುದರಿಂದ ಇಂಥ ಬ್ಯಾಂಕುಗಳು ಬೇಕೇ ಎಂಬ ಪ್ರಶ್ನೆಯೇ ಏಳುವುದಿಲ್ಲ, ಬೇಕು. ಅಷ್ಟು ಮಾತ್ರ ಸಾಕೇ ಎಂಬುದು ಪ್ರಶ್ನೆ.

ಕುಂಬಳದಂಥ ಬೆಳೆಗೆ ಅದು ಸಾಲದು. ಅದರ ಕಾರಣ ಅದರ ಹೂವಿನಲ್ಲೇ ಇದೆ. ಭತ್ತದ ಹೂವು ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ನಡುವೆ ಓಡಾಡುವುದು ಜೇನು. ಜೇನಿಗೆ ಬೇಲಿಯೂ ಇಲ್ಲ, ಗಡಿಯೂ ಇಲ್ಲ. ಒಂದೇ ಪ್ರಭೇದದ ಇಪ್ಪತ್ತು ತಳಿಗಳನ್ನು ಒಂದೇ ಹೊಲದಲ್ಲಿ ಪಕ್ಕಪಕ್ಕದಲ್ಲಿ ಬೆಳೆದರೆ ಮುಂದಿನ ವರ್ಷ ಅವು ಇಪ್ಪತ್ತಾಗಿ ಉಳಿಯುವುದಿಲ್ಲ. ಶೀತದಲ್ಲಿಟ್ಟ ಬೀಜವೂ ಚಿರಂಜೀವಿಯಲ್ಲ. ವರ್ಷಗಳು ಉರುಳಿದಂತೆ ಅದರ ಮೊಳೆಯುವ ಶಕ್ತಿ ಕುಗ್ಗುತ್ತದೆ, ಆಗ ಅದನ್ನು ಬಿತ್ತಿ ಹೊಸ ಬೀಜ ಪಡೆಯಲೇಬೇಕು. ಹಾಗೆ ಬಿತ್ತುವಾಗ ಪ್ರತಿ ತಳಿಗೂ ಬೇರೆ ಬಲೆಮನೆ ಕಟ್ಟಬೇಕು. ಇಲ್ಲವೇ ಹಿಂದಿನ ಸಂಜೆ ಮೊಗ್ಗಿನ ಬಾಯಿ ಕಟ್ಟಿ, ಬೆಳಗಿನ ಜಾವ ಕೈಯಿಂದಲೇ ಪರಾಗ ಸೋಕಿಸಿ, ಮತ್ತೆ ಹೂವನ್ನು ಕಟ್ಟಬೇಕು. ಒಂದೊಂದು ಬಳ್ಳಿಯೂ ಹತ್ತಾರು ಅಡಿ ಹಬ್ಬುವುದರಿಂದ ಹಣವೂ ಸ್ಥಳವೂ ಕೈಗಳೂ ಸಾಲದೆ ಒಂದು ತಳಿಯ ನಾಲ್ಕೈದು ಬಳ್ಳಿಗಳನ್ನಷ್ಟೇ ಬೆಳೆದರೆ, ಆ ನಾಲ್ಕೈದರಲ್ಲಿ ಇಲ್ಲದ ಗುಣಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ಪೊಟ್ಟಣದ ಮೇಲಿನ ಸಂಖ್ಯೆ ಹಳೆಯದೇ. ಒಳಗಿನ ಸಂಪತ್ತು ಮಾತ್ರ ಸವೆದಿರುತ್ತದೆ. ಆದುದರಿಂದ ಒಂದು ಸಂಗ್ರಹದಲ್ಲಿ ಎಷ್ಟು ಸಾವಿರ ಪೊಟ್ಟಣಗಳಿವೆ ಎಂಬ ಲೆಕ್ಕ, ಎಷ್ಟು ವೈವಿಧ್ಯ ಇದೆ ಎಂಬುದರ ಲೆಕ್ಕವಲ್ಲ. ಒಂದೇ ಬೀಜ ಎರಡು ಹೆಸರುಗಳಲ್ಲಿರಬಹುದು, ಒಂದೇ ಹೆಸರಿನಲ್ಲಿ ಎರಡು ಬೀಜಗಳಿರಬಹುದು. 2017ರಲ್ಲಿ ಮ್ಯಾಕ್ಸಿಮ, ಮೊಸ್ಕಾಟಗಳ ವಂಶವಾಹಿ ನಕ್ಷೆ ಪ್ರಕಟವಾದ ಮೇಲೆ ಇದನ್ನು ಪ್ರಯೋಗಶಾಲೆಯಲ್ಲಿ ಪತ್ತೆ ಮಾಡುವುದು ಸುಲಭವಾಗಿದೆ. ಆದರೆ ಪತ್ತೆಯಾದ ನಷ್ಟವನ್ನು ಯಾವ ಪ್ರಯೋಗಶಾಲೆಯೂ ತುಂಬಿಕೊಡಲಾರದು.

ಇನ್ನೂ ಒಂದು ಕೊರತೆಯಿದೆ. ನಮ್ಮ ನಗರದ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಬ್ಲಾಟರ್ ಅವರ ಹೆಸರಿನ ಪ್ರಸಿದ್ಧ ಸಸ್ಯಸಂಗ್ರಹಾಲಯವಿದೆ. ಶತಮಾನದ ಹಿಂದೆ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳನ್ನು ಅಲ್ಲಿ ಇಂದೂ ನೋಡಬಹುದು. ಒಣಗಿದ ಎಲೆಗೆ ಅಲ್ಲೇ ನಿಲ್ಲುವುದು ಕರ್ತವ್ಯ. ಬೀಜಕ್ಕಾದರೋ ಬದಲಾಗುವುದೇ ಬಾಳು. ಹೊಲದಲ್ಲಿರುವ ಬೀಜ ಪ್ರತಿ ಮಳೆಗಾಲದಲ್ಲಿ ಹೊಸ ರೋಗದೊಡನೆ, ತಡವಾದ ಮಳೆಯೊಡನೆ, ಹೆಚ್ಚಿದ ಸೆಕೆಯೊಡನೆ ಸೆಣಸಿ ಏನನ್ನೋ ಕಲಿಯುತ್ತದೆ. ಶೀತದ ಪೆಟ್ಟಿಗೆಯೊಳಗಿನ ಬೀಜ ಒಳಗೆ ಹೋದ ವರ್ಷದಲ್ಲಿಯೇ ನಿಂತಿರುತ್ತದೆ. ಮೇಲಾಗಿ, ಯಾವ ನಕ್ಷತ್ರದ ಮಳೆಗೆ ಹಾಕಬೇಕು, ಯಾವ ಹದಕ್ಕೆ ಕೊಯ್ಯಬೇಕು, ಯಾವ ಅಡುಗೆಗೆ ಒಪ್ಪುತ್ತದೆ ಎಂಬ ಅರಿವು ಬೀಜದ ಜೊತೆಗೆ ಬ್ಯಾಂಕಿಗೆ ಹೋಗಲಿಲ್ಲ. ಅದು ಅಡುಗೆಮನೆಯಲ್ಲೇ ಉಳಿಯಿತು. ಕೆಲವೆಡೆ ಅಲ್ಲೇ ಅಳಿಯಿತು.

ಹೊಲದಿಂದ ಈ ಬೀಜಗಳು ಏಕೆ ಕಣ್ಮರೆಯಾದವು? ಉತ್ತರ ಹುಡುಕಲು ನಾವು ನೆಲೆಸಿರುವ ರಾಜ್ಯವನ್ನೂ ನಾವು ಬಂದ ರಾಜ್ಯವನ್ನೂ ನೋಡಬೇಕು. ಮಹಾರಾಷ್ಟ್ರದ ಜಾಲನಾದಲ್ಲಿ 1964ರಲ್ಲಿ ಬದ್ರಿನಾರಾಯಣ ಬಾರವಾಲೆ ಅವರು ಮಹೈಕೊ ಕಂಪನಿಯನ್ನು ಆರಂಭಿಸಿದರು. ಮರುವರ್ಷವೇ ಬೆಂಗಳೂರಿನಲ್ಲಿ ಮನಮೋಹನ ಅತ್ತಾವರ ಅವರು ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಂಪನಿಯನ್ನು ಕಟ್ಟಿದರು. 1973ರಲ್ಲಿ ಅಲ್ಲಿಂದ ಟೊಮೆಟೊ ಮತ್ತು ದೊಣ್ಣೆಮೆಣಸಿನ ಸಂಕರ ತಳಿಗಳು ಹೊರಬಂದವು. ಮುಂದೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸುತ್ತಿನ ಹಳ್ಳಿಗಳು ಸಂಕರ ತರಕಾರಿ ಬೀಜೋತ್ಪಾದನೆಯ ದೊಡ್ಡ ಕೇಂದ್ರವಾದವು. ಅಲ್ಲಿ ಸಾವಿರಾರು ಹೆಣ್ಣುಮಕ್ಕಳು ಹೂವಿನಿಂದ ಹೂವಿಗೆ ಕೈಯಾರೆ ಪರಾಗ ಸೋಕಿಸುವ ಕುಶಲ ಕೆಲಸದಿಂದ ಸಂಸಾರ ಸಾಗಿಸುತ್ತಿದ್ದಾರೆ. ಸಂಕರ ಬೀಜ ಇಳುವರಿ ಹೆಚ್ಚಿಸಿದ್ದು ಸುಳ್ಳಲ್ಲ. ಅದರಿಂದ ಬದುಕು ಕಟ್ಟಿಕೊಂಡವರಿರುವುದೂ ಸುಳ್ಳಲ್ಲ. ಆದರೆ ಸಂಕರ ಬೀಜದ ಸ್ವಭಾವವೇ ಒಂದಿದೆ: ಅದರ ಕಾಯಿಯಿಂದ ತೆಗೆದ ಬೀಜವನ್ನು ಮರಳಿ ಬಿತ್ತಿದರೆ ತಾಯಿಯ ಗುಣ ಹಾಗೆಯೇ ಬರುವುದಿಲ್ಲ, ಬೆಳೆ ಚದುರಿಹೋಗುತ್ತದೆ. ಹಾಗಾಗಿ ವರ್ಷವರ್ಷವೂ ಅಂಗಡಿಗೆ ಹೋಗಬೇಕು. ಒಮ್ಮೆ ಅಂಗಡಿಯ ದಾರಿ ರೂಢಿಯಾದ ಮೇಲೆ ಅಟ್ಟದ ಬೀಜದ ಗಡಿಗೆಯನ್ನು ಯಾರೂ ಇಳಿಸುವುದಿಲ್ಲ.

ಮಾರುಕಟ್ಟೆಯ ಒತ್ತಡವೂ ಇದಕ್ಕೆ ಕೂಡಿಕೊಂಡಿತು. ಬೈಕಲಾದ ತರಕಾರಿ ಸಗಟು ವ್ಯಾಪಾರ 1990ರ ದಶಕದಲ್ಲಿ ವಾಶಿಗೆ ಸ್ಥಳಾಂತರಗೊಂಡುದನ್ನು ನಿಮ್ಮಲ್ಲಿ ಹೋಟೆಲು ನಡೆಸುವವರು ಬಲ್ಲಿರಿ. ಅಲ್ಲಿಗೆ ನೂರಾರು ಮೈಲು ಲಾರಿಯಲ್ಲಿ ಬರುವ ಕಾಯಿ ಒಂದೇ ಗಾತ್ರ, ಒಂದೇ ಬಣ್ಣ, ಪೆಟ್ಟು ತಾಳುವ ಸಿಪ್ಪೆ ಇದ್ದರೆ ಲೇಸು. ಎರಡು ಕೋಣೆಯ ಮನೆಗೆ ಹದಿನೈದು ಕಿಲೊದ ಕಾಯಿ ಬೇಡ. ಹೀಗಾಗಿ ಹಿತ್ತಿಲಿನ ದೊಡ್ಡ ಕುಂಬಳವನ್ನು ಕೊನೆಗಾಣಿಸಿದ ತಪ್ಪಿನಲ್ಲಿ ಕಂಪನಿಯ ಜೊತೆಗೆ ನಮ್ಮ ಅಡುಗೆಮನೆಯ ಪಾಲೂ ಇದೆ. ಹೆಗಲು ಮುಟ್ಟಿ ನೋಡಿಕೊಳ್ಳಿ ಎಂದು ನಾನು ಹೇಳಿದ್ದು ಇದಕ್ಕೇ.

ಬೀಜದ ರಾಜಕಾರಣವನ್ನು ದೇಶದಲ್ಲಿ ಮೊದಲು ಬೀದಿಗೆ ತಂದವರಲ್ಲಿ ಕನ್ನಡಿಗರು ಮುಂದಿದ್ದರೆಂಬುದು ನಮಗೆ ಅಭಿಮಾನದ ಸಂಗತಿ. ಡಂಕೆಲ್ ಕರಡಿನ ಚರ್ಚೆಯ ಆ ದಿನಗಳಲ್ಲಿ, 1992ರ ಡಿಸೆಂಬರಿನಲ್ಲಿ, ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಬೀದಿಗೆಸೆದರು. 1993ರಲ್ಲಿ ಬಳ್ಳಾರಿಯ ಬೀಜ ಘಟಕದ ಮೇಲೂ ದಾಳಿ ನಡೆಯಿತು. ಆ ಮಾರ್ಗವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆಸ್ತಿಪಾಸ್ತಿಗೆ ಕೈಹಚ್ಚುವುದನ್ನು ನಾನೂ ಸಮರ್ಥಿಸಲಾರೆ. ಆದರೆ ರೈತನ ಬೀಜ ಯಾರ ಸೊತ್ತು ಎಂಬ ಪ್ರಶ್ನೆಯನ್ನು ಅವರು ಎತ್ತಿದ್ದು ಸಕಾಲದಲ್ಲಿ. 1994ರ ಗ್ಯಾಟ್ ಒಪ್ಪಂದ ಸಸ್ಯತಳಿಗಳಿಗೆ ಹಕ್ಕುರಕ್ಷಣೆ ಕಡ್ಡಾಯವೆಂದಿತು. ಅದಕ್ಕೆ ಉತ್ತರವಾಗಿ ನಮ್ಮ ಸಂಸತ್ತು 2001ರಲ್ಲಿ ಮಾಡಿದ ಕಾನೂನು ತಳಿವರ್ಧಕನ ಹಕ್ಕನ್ನು ಮಾತ್ರವಲ್ಲದೆ ರೈತನ ಹಕ್ಕನ್ನೂ ಹೇಳಿತು. ಬ್ರಾಂಡ್ ಹಾಕದ ಬೀಜವನ್ನು ರೈತ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಇಂಥ ಹಕ್ಕು ಜಗತ್ತಿನ ಅನೇಕ ದೇಶಗಳ ರೈತರಿಗಿಲ್ಲ. 2001ರಲ್ಲಿಯೇ ಜಾಗತಿಕ ಮಟ್ಟದಲ್ಲಿ ಬೀಜಗಳ ವಿನಿಮಯಕ್ಕಾಗಿ ಒಂದು ಒಪ್ಪಂದ ಆಯಿತು. ಆಗ ರಚಿಸಿದ ಪಟ್ಟಿಯಲ್ಲಿ ಬದನೆ, ಕ್ಯಾರೆಟ್‌ಗಳಿಗೆ ಸ್ಥಾನ ಸಿಕ್ಕಿತು, ಕುಂಬಳಕ್ಕೆ ಸಿಗಲಿಲ್ಲ. ಬಡವರ ತರಕಾರಿಗೆ ಅಂತಾರಾಷ್ಟ್ರೀಯ ಸಭೆಗಳಲ್ಲಿಯೂ ಕುರ್ಚಿ ಸಿಗುವುದು ಕಷ್ಟ.

ಆದರೆ ಹಕ್ಕು ಕಾಗದದಲ್ಲಿದ್ದು, ಬೀಜವೇ ಕೈಯಲ್ಲಿಲ್ಲದಿದ್ದರೆ ಪ್ರಯೋಜನವೇನು? ಈ ದೃಷ್ಟಿಯಿಂದ ನನಗೆ ದೊಡ್ಡವರಾಗಿ ಕಾಣುವವರು ಬೀಜವನ್ನು ನೆಲದಲ್ಲಿಯೇ ಉಳಿಸುತ್ತಿರುವವರು. ಮುಂಬಯಿಯಿಂದ ಕಸಾರಾ ಘಾಟು ಹತ್ತಿ ಹೋದರೆ ಭಂಡಾರದರಾ ಜಲಾಶಯವಿರುವ ಅಕೋಲೆ ತಾಲೂಕು. ಅಲ್ಲಿನ ಕೊಂಭಾಳಣೆ ಗ್ರಾಮದ ಆದಿವಾಸಿ ಮಹಿಳೆ ರಾಹೀಬಾಯಿ ಪೋಪೆರೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಅವರೆ, ಭತ್ತ, ಸೊಪ್ಪು ತರಕಾರಿಗಳ ನಾಟಿ ಬೀಜಗಳನ್ನು ಕೂಡಿಸಿ, ಹಂಚಿ, 'ಬೀಜಮಾತೆ' ಎನ್ನಿಸಿಕೊಂಡರು. 2020ರ ಪದ್ಮಶ್ರೀ ಅವರಿಗೆ ಸಂದಿತು. ನಮ್ಮ ಶಿರಸಿಯಲ್ಲಿ ಸುನೀತಾ ರಾವ್ ಅವರು 2001ರಲ್ಲಿ ಆರಂಭಿಸಿದ 'ವನಸ್ತ್ರೀ' ಎಂಬ ಮಹಿಳೆಯರ ಸಂಘಟನೆ ಮಲೆನಾಡಿನ ಹಿತ್ತಿಲುಗಳ ತರಕಾರಿ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದಿದೆ. ಅವರ ಮಲೆನಾಡ ಮೇಳದಲ್ಲಿ ಬೀಜ ವಿನಿಮಯವೇ ಪ್ರಧಾನ.

ಬಳಕೆಯಿದ್ದಲ್ಲಿ ಬೀಜ ತಾನಾಗಿ ಉಳಿಯುತ್ತದೆ ಎಂಬುದಕ್ಕೂ ನಮ್ಮ ಸುತ್ತಲೇ ನಿದರ್ಶನಗಳಿವೆ. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳ ಬದನೆ, ಕೃಷ್ಣಮಠದ ನಂಟಿನಿಂದ, ಊರವರ ನಾಲಗೆಯಿಂದ ಉಳಿಯಿತು. 2011ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಮಿರಜಿನ ತಂಬೂರಿ ಸಿತಾರುಗಳಿಗೆ ಬೇಕಾದ ದೊಡ್ಡ ಸೋರೆ ಬುರುಡೆಗಳು ಪಂಢರಪುರದ ಸುತ್ತಿನ ಹೊಲಗಳಿಂದ ಬರುತ್ತವೆ. ತಿನ್ನಲು ಬಾರದ ಆ ಸೋರೆಯನ್ನು ರೈತ ಇಂದಿಗೂ ಬಿತ್ತುತ್ತಿರುವುದು ವಾದ್ಯ ಕಟ್ಟುವವರು ಕೊಳ್ಳುತ್ತಾರೆಂಬ ನಂಬಿಕೆಯಿಂದ. ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದ್ದ ಕಾಲದಿಂದ ಧಾರವಾಡದ ಸಂಗೀತದ ಬೆನ್ನಿಗೆ ನಿಂತ ಶ್ರುತಿಯೊಳಗೆ ಒಂದು ಬಳ್ಳಿಯ ಬೀಜವೂ ಇದೆ.

ಇನ್ನು ನನ್ನ ಸ್ವಂತದ ಒಂದು ಮಾತು. ಇದನ್ನು ಹೇಳದೆ ಮುಂದುವರಿದರೆ ಉಳಿದದ್ದೆಲ್ಲ ಉಪದೇಶವಾದೀತು. ನಮ್ಮೂರ ಮನೆಯಲ್ಲಿ ತಾಯಿಯವರು ಒಂದು ಚೀನಿಕಾಯಿ ಬೆಳೆಯುತ್ತಿದ್ದರು. ಹೊರಗೆ ಬೂದಿ ಬಣ್ಣ, ಒಳಗೆ ಕುಂಕುಮದಂಥ ಕೆಂಪು. ಶ್ರಾವಣದಲ್ಲಿ ಕೊಯ್ದದ್ದು ಯುಗಾದಿಯವರೆಗೆ ಅಟ್ಟದಲ್ಲಿ ಕೆಡದೆ ಇರುತ್ತಿತ್ತು. ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸೆಗಣಿಯೊಂದಿಗೆ ಗೋಡೆಗೆ ತಟ್ಟಿಡುತ್ತಿದ್ದರು. ಒಂದು ರಜೆಯಲ್ಲಿ ನಾನು ಹೊರಡುವಾಗ, 'ಅಲ್ಲಿ ಎಲ್ಲಾದರೂ ಹಾಕು ಮಗಾ' ಎಂದು ಹಿಡಿಯಷ್ಟು ಬೀಜ ಕಟ್ಟಿಕೊಟ್ಟರು. ಡೊಂಬಿವಲಿಯ ಮೂರನೆಯ ಮಾಳಿಗೆಯಲ್ಲಿ ಎಲ್ಲಿ ಹಾಕುವುದು? ಹಾರ್ಲಿಕ್ಸ್ ಬಾಟಲಿಗೆ ತುಂಬಿ ಮೇಲಿನ ಗೂಡಿನಲ್ಲಿಟ್ಟೆ. ಭದ್ರವಾಗಿದೆ ಎಂದುಕೊಂಡೆ. ತಾಯಿ ತೀರಿಕೊಂಡು, ಊರಿನ ಹಿತ್ತಿಲು ಪಾಳುಬಿದ್ದ ಮೇಲೆ, ಒಂಬತ್ತು ಮುಂಬಯಿ ಮಳೆಗಾಲಗಳನ್ನು ಕಂಡಿದ್ದ ಆ ಬಾಟಲಿಯನ್ನು ಇಳಿಸಿ, ಊರಿಗೆ ಒಯ್ದು, ಎಲ್ಲ ಬೀಜಗಳನ್ನೂ ಬಿತ್ತಿದೆ. ಒಂದೂ ಮೊಳೆಯಲಿಲ್ಲ. ನೆರೆಯ ಮನೆಗಳಲ್ಲಿ ವಿಚಾರಿಸಿದೆ. ಎಲ್ಲರೂ ಪೇಟೆಯ ಬೀಜಕ್ಕೆ ಬದಲಾಗಿದ್ದರು. 'ನಿಮ್ಮಮ್ಮನ ಹತ್ತಿರ ಇರುತ್ತದಲ್ಲ ಎಂದು ನಾವು ಇಟ್ಟುಕೊಳ್ಳಲಿಲ್ಲ' ಎಂದರು ಒಬ್ಬ ವೃದ್ಧೆ. ಇದರಲ್ಲಿ ಕಂಪನಿಯನ್ನು ದೂರುವಂತಿಲ್ಲ, ಸರಕಾರವನ್ನೂ ದೂರುವಂತಿಲ್ಲ.

ಮುಂಬಯಿಯ ಕನ್ನಡಿಗರಾದ ನಾವು ಏನು ಮಾಡಬಹುದು? ಗ್ಯಾಲರಿಯ ಕುಂಡಗಳಲ್ಲಿ ಕುಂಬಳದ ತಳಿ ಉಳಿಸುತ್ತೇವೆಂಬ ಉತ್ಸಾಹ ಬೇಡ. ಒಂದೆರಡು ಬಳ್ಳಿಗಳಿಂದ ತಳಿ ಉಳಿಯದೆಂಬುದನ್ನು ಆಗಲೇ ಹೇಳಿದೆ. ಆದರೆ ಊರಲ್ಲಿರುವವರಿಗಿಲ್ಲದ ಒಂ​ದು ಅನುಕೂಲ ನಮಗಿದೆ. ಮಕ್ಕಳ ಪರೀಕ್ಷೆ ಮುಗಿದೊಡನೆ ನಾವು ಏಪ್ರಿಲ್ ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇವೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಉತ್ತರ ಕನ್ನಡ, ಬೆಳಗಾವಿ, ವಿಜಯಪುರ, ಕಲಬುರಗಿ ಎಂದು ನೂರಾರು ಹಳ್ಳಿಗಳಿಗೆ ಏಕಕಾಲಕ್ಕೆ ಚದುರುತ್ತೇವೆ. ಮುಂಗಾರಿನ ಮುಂಚಿನ ಆ ದಿನಗಳಲ್ಲೇ ಹಳೆಯ ಮನೆಗಳಲ್ಲಿ ಬೀಜದ ಗಂಟು ಬಿಚ್ಚುತ್ತದೆ. ಯಾವ ಸಂಶೋಧನಾ ಸಂಸ್ಥೆಗೂ ಒಂದೇ ತಿಂಗಳಲ್ಲಿ ಇಷ್ಟು ಮನೆಗಳ ಅಡುಗೆಕೋಣೆಯವರೆಗೆ ಪ್ರವೇಶವಿಲ್ಲ, ಮನೆಮಕ್ಕಳಾದ ನಮಗಿದೆ.

ಹೋದಾಗ ಅಜ್ಜಿಯನ್ನು, ದೊಡ್ಡಮ್ಮನನ್ನು ಕೇಳಿ. ಹಳೆಯ ಕುಂಬಳದ ಬೀಜ ಇದೆಯೇ, ಅದಕ್ಕೆ ಮನೆಯಲ್ಲಿ ಏನೆನ್ನುತ್ತಾರೆ, ಯಾರ ತವರಿನಿಂದ ಬಂತು, ಯಾವ ಮಳೆಗೆ ಹಾಕುತ್ತಾರೆ, ಎಷ್ಟು ತಿಂಗಳು ಇಡಬಹುದು, ಯಾವ ಅಡುಗೆಗೆ ಒಳ್ಳೆಯದು. ಅವರ ಮಾತಿನಲ್ಲೇ, ತುಳುವಾಗಲಿ ಕೊಂಕಣಿಯಾಗಲಿ ಹವ್ಯಕ ಕನ್ನಡವಾಗಲಿ, ಬರೆದುಕೊಳ್ಳಿ. ಕಾಯಿ ಇದ್ದರೆ ತೊಟ್ಟಿನ ಚಿತ್ರ ತೆಗೆದುಕೊಳ್ಳಿ. ಸಿಕ್ಕಿದ ಬೀಜವನ್ನೆಲ್ಲ ಮುಂಬಯಿಗೆ ತರಬೇಡಿ. ನಾನು ಮಾಡಿದ ತಪ್ಪನ್ನು ಮಾಡಬೇಡಿ. ಒಂದು ಪಾಲನ್ನು ಆ ಊರಿನಲ್ಲೇ ಬಿತ್ತುವ ಇನ್ನೆರಡು ಮನೆಗಳಿಗೆ ಕೊಡಿಸಿ. ಒಂದು ಪಾಲನ್ನು ಬೀಜ ಉಳಿಸುವ ಸಂಘಟನೆಗೋ ಕೃಷಿ ವಿಶ್ವವಿದ್ಯಾಲಯಕ್ಕೋ, ಕೊಟ್ಟವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲಿಯೇ ತಲುಪಿಸಿ. ನೈಜೀರಿಯದ ಆ ಹೆಂಗಸಿಗೆ ಆದದ್ದು ನಮ್ಮ ತಾಯಂದಿರಿಗೆ ಆಗದಿರಲಿ. ಬರೆದುಕೊಂಡ ಟಿಪ್ಪಣಿಯನ್ನು ಸಂಘಕ್ಕೆ ಕೊಡಿ. ಈ ತ್ರೈಮಾಸಿಕದಲ್ಲಿ ಪ್ರಕಟಿಸುವ ಹೊಣೆಯನ್ನು ಸಂಪಾದಕರು ಹೊರಬೇಕೆಂದು ಈ ಸಭೆಯ ಎದುರಿನಲ್ಲೇ ಕೇಳಿಕೊಳ್ಳುತ್ತೇನೆ.

ಹೋಟೆಲು ಉದ್ಯಮದ ಬಂಧುಗಳಲ್ಲಿ ಒಂದು ವಿನಂತಿ. ಈ ನಗರಕ್ಕೆ ಸಾಂಬಾರಿನ ರುಚಿ ಹಚ್ಚಿದವರು ನೀವು. ವರ್ಷಕ್ಕೊಮ್ಮೆ, ಒಂದು ವಾರವಾದರೂ, ಊರಿನ ನಾಟಿ ಕುಂಬಳವನ್ನು ಹೇಳಿ ತರಿಸಿ, ಯಾವ ಊರಿನದೆಂದು ಬರೆದು ಬಡಿಸಿ. ಮಿರಜಿನ ವಾದ್ಯಗಾರನಿಂದ ಆ ಸೋರೆ ಉಳಿದಂತೆ ನಿಮ್ಮಿಂದ ಒಂದೆರಡು ತಳಿ ಉಳಿದರೂ ಅದು ಸಣ್ಣ ಸೇವೆಯಲ್ಲ.

ನಾವು ಸಂಘ ಕಟ್ಟಿದ್ದು ಭಾಷೆಯನ್ನು ಉಳಿಸಲು. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗಿದುದನ್ನು ಕಂಡು ಮರುಗುವ ನಾವು, ಗ್ರಂಥಾಲಯದ ಕಪಾಟಿನಲ್ಲಿ ಪುಸ್ತಕಗಳಿವೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದುಂಟು. ಕಪಾಟು ಬೇಕು. ಆದರೆ ಆಡುವ ಮಗು ಇಲ್ಲದಿದ್ದರೆ ಕಪಾಟಿನ ಕನ್ನಡ ನನ್ನ ಹಾರ್ಲಿಕ್ಸ್ ಬಾಟಲಿಯ ಬೀಜದಂತೆಯೇ.

ಈ ಮೇ ತಿಂಗಳಲ್ಲಿ ಊರಿಗೆ ಟಿಕೇಟು ತೆಗೆಸಿದವರು ಈ ಸಭೆಯಲ್ಲಿ ಅನೇಕರಿದ್ದೀರಿ. ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿರುತ್ತೇನೆ. ನಿಮ್ಮ ಹೆಸರು, ನಿಮ್ಮೂರ ಹೆಸರು, ಮನೆಯಲ್ಲಿ ಬೀಜ ಇಟ್ಟಿರಬಹುದಾದ ಹಿರಿಯರ ಹೆಸರು ಬರೆಯಿರಿ. ಹಿರಿಯರಿಗೆ ಎಂಬತ್ತು ದಾಟಿದ್ದರೆ ಅದನ್ನೂ ಬರೆಯಿರಿ. ಅಂಥ ಮನೆಗಳಿಗೆ ಮೊದಲು ಹೋಗೋಣ.

ಊಟದ ಹೊತ್ತು ಮೀರುವ ಮುನ್ನ ಮುಗಿಸುತ್ತೇನೆಂದು ಕಾರ್ಯದರ್ಶಿಗಳಿಗೆ ಮಾತು ಕೊಟ್ಟಿದ್ದೆ.